ಕರಾವಳಿಯ ವಿಹಾರಕ್ಕೆ ಹೊರಡುವ ಮುನ್ನ

(ನಮ್ಮ ವಾಚನಾಲಯದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ನಮ್ಮ ಕೂಟದ ಹದಿನಾಲ್ಕು ಮಂದಿ ಬರುವ ಮೇ ತಿಂಗಳಲ್ಲಿ ಏಡ್ರಿಯಾಟಿಕ್ ಸಮುದ್ರದ ಪೂರ್ವ ದಂಡೆಯನ್ನು, ಅಂದರೆ ಕ್ರೊಯೇಶಿಯ ದೇಶದ ಡಾಲ್ಮೇಶಿಯ ಕರಾವಳಿಯನ್ನು ನೋಡಿ ಬರುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಹೆಚ್ಚಿನವರು ನಿವೃತ್ತ ಮಾಸ್ತರರು. ಇಬ್ಬರು ಬ್ಯಾಂಕಿನಲ್ಲಿ ದುಡಿದವರು. ಇಬ್ಬರು ಮನೆಗೆಲಸದಿಂದ ಯಾವತ್ತೂ ನಿವೃತ್ತಿ ಸಿಗದ ಗೃಹಿಣಿಯರು. ಮೇಜಿನ ಮೇಲೆ ಎರಡು ಯೋಜನೆಗಳಿವೆ. ಒಂದು, ಏಜೆಂಟರು ಕೊಟ್ಟ ಹೊಳೆಯುವ ಪುಸ್ತಿಕೆ: ಇಟಲಿಯಲ್ಲಿ ಹತ್ತಿ, ಸಾವಿರಾರು ಜನರ ದೊಡ್ಡ ಹಡಗಿನಲ್ಲಿ ಬಂದರಿನಿಂದ ಬಂದರಿಗೆ ಹಾರಿ, ಏಳನೆಯ ದಿನ ಹತ್ತಿದಲ್ಲಿಯೇ ಇಳಿಯುವುದು. ಇನ್ನೊಂದು, ನಾವೇ ಕೂತು ಬರೆದದ್ದು: ಸ್ಪ್ಲಿಟ್ ಪಟ್ಟಣದಿಂದ ಮೂವತ್ತು ನಲವತ್ತು ಜನರ ಸಣ್ಣ ಹಡಗಿನಲ್ಲಿ ಒಂದು ವಾರ, ಆಮೇಲೆ ದುಬ್ರೋವ್ನಿಕ್‌ನಲ್ಲಿ ನೆಲದ ಮೇಲೆ ಮೂರು ದಿನ. ಭಾನುವಾರ ಇದರ ತೀರ್ಮಾನವಾಗಬೇಕು. ನಮ್ಮ ಅಭಿಪ್ರಾಯವನ್ನು ಹೇಳಿರೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ.

ಮೊದಲಿಗೆ ಒಂದು ಆಕ್ಷೇಪಣೆ. ಸಮಾಜವಾದಿಗಳಿಗೆ ಹಡಗಿನ ವಿಹಾರವೇಕೆ ಎಂದು ಕೆಲವರು ಮೂಗು ಮುರಿದಿದ್ದಾರೆ. ಸಂಬಳ ಸಹಿತ ರಜೆ ಎಂಬುದು ಧಣಿಗಳು ದಾನವಾಗಿ ಕೊಟ್ಟದ್ದಲ್ಲವೆಂಬುದನ್ನು ಇವರು ಮರೆತಿದ್ದಾರೆ. ಫ್ರಾನ್ಸಿನ ಕೆಲಸಗಾರರು 1936ರಲ್ಲಿ ಕಾರ್ಖಾನೆಗಳೊಳಗೆ ಕೂತು ಮುಷ್ಕರ ಹೂಡಿದ ಮೇಲೆ, ಲಿಯೋ ಬ್ಲೂಮ್‌ರ ಸರಕಾರ ವರ್ಷಕ್ಕೆ ಎರಡು ವಾರದ ಸಂಬಳದ ರಜೆಯನ್ನು ಕಾನೂನು ಮಾಡಿತು. ಸಮುದ್ರವನ್ನು ಕಾಣದ ಎಷ್ಟೋ ಜನ ಆ ಬೇಸಿಗೆಯಲ್ಲಿ ಮೊದಲ ಬಾರಿಗೆ ಸಮುದ್ರ ಕಂಡರು. ವಿರಾಮವೂ ದುಡಿಮೆಗಾರನ ಸೊತ್ತೇ. ನಾವು ನಾಚಬೇಕಾದದ್ದು ವಿಹಾರಕ್ಕಲ್ಲ. ನಮ್ಮ ವಿಹಾರ ಯಾರ ಬೆನ್ನಿನ ಮೇಲೆ ನಡೆಯುತ್ತದೆ ಎಂಬುದನ್ನು ಕೇಳದೆ ಹೋದರೆ ಅದಕ್ಕೆ.

ಎರಡನೆಯ ಆಕ್ಷೇಪಣೆ ವೈನಿನದು. ಈ ಕೂಟದಲ್ಲಿ ಹೆಂಡದ ಅಂಗಡಿಯ ಮುಂದೆ ಪಿಕೆಟಿಂಗ್ ಮಾಡಿದ ಮನೆತನದವರಿದ್ದಾರೆ. ಯಾರೂ ಕುಡಿಯಬೇಕಾಗಿಲ್ಲ. ಆದರೆ ಆ ಕರಾವಳಿಯಲ್ಲಿ ದ್ರಾಕ್ಷಿ ಎಂದರೆ ನಮ್ಮಲ್ಲಿ ಭತ್ತವೂ ಅಡಿಕೆಯೂ ಸೇರಿದಂತೆ. ಅದರ ಕತೆ ತಿಳಿಯದೆ ಅಲ್ಲಿನ ರೈತನ ಕತೆ ತಿಳಿಯದು. ಅದನ್ನು ಆಮೇಲೆ ಹೇಳುತ್ತೇವೆ.

ಈಗ ದೊಡ್ಡ ಹಡಗಿನ ಮಾತು. ಅದರ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳೋಣ. ದಿನದ ಲೆಕ್ಕದಲ್ಲಿ ಅದು ಹಲವು ಸಲ ಅಗ್ಗ. ಲಿಫ್ಟ್ ಇದೆ, ವೈದ್ಯರಿದ್ದಾರೆ. ಮೊಣಕಾಲು ನೋವಿನವರಿಗೆ ಅನುಕೂಲ. ಸಣ್ಣ ಹಡಗಿನ ಏಣಿ ಕಡಿದಾಗಿರುತ್ತದೆ, ಕೋಣೆ ನಮ್ಮ ದೇವರ ಗೂಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ.

ಆದರೆ ಅಗ್ಗ ಹೇಗಾಯಿತು? ಈ ಹಡಗುಗಳ ಒಡೆಯರು ಒಂದು ದೇಶದವರು, ಬಾವುಟ ಇನ್ನೊಂದು ದೇಶದ್ದು. ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾ, ಹೀಗೆ ತೆರಿಗೆಯೂ ಕಟ್ಟಳೆಯೂ ಹಗುರವಿದ್ದಲ್ಲಿ ಹೆಸರು ಬರೆಸುತ್ತಾರೆ. ಬಾವುಟ ಯಾವುದೋ ಹಡಗಿನೊಳಗೆ ಆ ದೇಶದ ಕಾನೂನು. ಹಾಸಿಗೆ ಹಾಸುವವರು, ತಟ್ಟೆ ತೊಳೆಯುವವರು, ಬಡಿಸುವವರು ಫಿಲಿಪೈನ್ಸ್, ಇಂಡೋನೇಶಿಯ, ಭಾರತಗಳಿಂದ ಬಂದವರು. ಇದು ದೂರದ ಸಂಗತಿಯಲ್ಲ. ಮಂಗಳೂರು, ಉಡುಪಿಯ ಕಡೆಯಿಂದಲೂ ಕಾರವಾರದಾಚೆಯ ಗೋವೆಯಿಂದಲೂ ಎಷ್ಟೋ ಹುಡುಗರು ಹೋಟೆಲ್ ಕೆಲಸ ಕಲಿತು ಇದೇ ಹಡಗುಗಳನ್ನು ಹತ್ತಿದ್ದಾರೆ. ಅವರು ಕಳಿಸಿದ ಹಣದಲ್ಲಿ ಹಂಚಿನ ಮನೆಗಳು ತಾರಸಿಯ ಮನೆಗಳಾಗಿವೆ, ತಂಗಿಯರ ಮದುವೆಗಳಾಗಿವೆ. ಅದನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ.

ಅವರ ದುಡಿಮೆಯ ಗಡಿಯನ್ನು ಗೊತ್ತುಪಡಿಸಿದ್ದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ನಾವಿಕ ಕಾರ್ಮಿಕ ಒಡಂಬಡಿಕೆ. ಅದು ಜಾರಿಗೆ ಬಂದದ್ದು 2013ರಲ್ಲಿ. ಭಾರತ ಅದನ್ನು ಅಂಗೀಕರಿಸಿದ್ದು 2015ರಲ್ಲಿ. ಕೆಲಸದ ಹೊತ್ತಿಗೆ ಮಿತಿ ಹಾಕುವಲ್ಲಿ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ಮೀರಬಾರದು ಎಂದು ಅದು ಹೇಳುತ್ತದೆ. ಕೇಳಿದಿರಾ? ಎಂಟು ಗಂಟೆಯ ದಿನಕ್ಕಾಗಿ ಷಿಕಾಗೋದ ಕೆಲಸಗಾರರು ಬೀದಿಗಿಳಿದದ್ದು 1886ರಲ್ಲಿ. ನೂರಿಪ್ಪತ್ತೇಳು ವರ್ಷಗಳಾದ ಮೇಲೆ ಸಮುದ್ರದ ಮೇಲೆ 14 ಗಂಟೆಯೇ ರಕ್ಷಣೆ ಎನಿಸಿಕೊಂಡಿತು. ಆರು ತಿಂಗಳು, ಎಂಟು ತಿಂಗಳ ಕರಾರು. ಅಷ್ಟು ದಿನವೂ ವಾರದ ರಜೆ ಎಂಬ ಮಾತಿಲ್ಲ. 2020ರಲ್ಲಿ ಕೊರೋನಾ ಬಂದಾಗ ಪ್ರಯಾಣಿಕರನ್ನು ಇಳಿಸಿದ ಹಡಗುಗಳು ಕೆಲಸಗಾರರನ್ನು ತಿಂಗಳುಗಟ್ಟಲೆ ಇಳಿಸಲಿಲ್ಲ, ಬಂದರುಗಳೂ ಸೇರಿಸಲಿಲ್ಲ. ಆ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ತಾಯಂದಿರು ಫೋನು ಹಿಡಿದು ಕೂತಿದ್ದರು.

ನಡುವೆ ಒಂದು ಮಾತು, ಮನೆಯಲ್ಲಿ ಹಡಗಿನ ಕೆಲಸಕ್ಕೆ ಹೊರಟ ಹುಡುಗರಿರುವವರಿಗಾಗಿ. ಕೆಲಸ ಕೊಡಿಸುವುದಕ್ಕೆಂದು ನಾವಿಕನಿಂದ ಹಣ ಕೀಳುವುದನ್ನು ಆ ಒಡಂಬಡಿಕೆ ನಿಷೇಧಿಸಿದೆ. ವೈದ್ಯಕೀಯ ಸರ್ಟಿಫಿಕೇಟು, ಪಾಸ್‌ಪೋರ್ಟು, ನಾವಿಕರ ಪುಸ್ತಕ, ಇವುಗಳ ಖರ್ಚು ಮಾತ್ರ ಅವನದು. ಲಕ್ಷಗಟ್ಟಲೆ ಕೇಳುವ ಏಜೆಂಟನಿಗೆ ಭಾರತದ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇದೆಯೇ ಎಂದು ಮೊದಲು ವಿಚಾರಿಸಿ.

ಇನ್ನು ಬಂದರಿನ ಜನಕ್ಕೆ ದೊಡ್ಡ ಹಡಗಿನಿಂದ ಸಿಗುವುದೇನು? ಊಟ ಹಡಗಿನಲ್ಲೇ, ಮಲಗುವುದು ಹಡಗಿನಲ್ಲೇ, ಮದ್ಯದ ಹಣವನ್ನು ಮುಂಗಡವಾಗಿಯೇ ಕಟ್ಟಿಸಿಕೊಂಡಿರುತ್ತಾರೆ. ಬೆಳಿಗ್ಗೆ ಸಾವಿರಾರು ಜನ ಒಟ್ಟಿಗೆ ಇಳಿದು, ಒಂದು ಐಸ್‌ಕ್ರೀಮು ತಿಂದು, ಅಯಸ್ಕಾಂತ ಹಚ್ಚಿದ ಚಿತ್ರವೊಂದನ್ನು ಕೊಂಡು, ಸಂಜೆಗೆ ಹತ್ತಿ ಹೋಗುತ್ತಾರೆ. ಊರಿಗೆ ಉಳಿಯುವುದು ಕಸ, ನೂಕುನುಗ್ಗಲು. ದುಬ್ರೋವ್ನಿಕ್ ಇದನ್ನು ಸಾಕಷ್ಟು ಅನುಭವಿಸಿದೆ. ಕೋಟೆಯೊಳಗಿನ ಹಳೆಯ ಊರಿನಲ್ಲಿ 1991ರಲ್ಲಿ ಸುಮಾರು ಐದು ಸಾವಿರ ಜನ ವಾಸವಿದ್ದರು. ಈಗ ಎರಡು ಸಾವಿರವೂ ಇಲ್ಲ. ಮನೆಗಳೆಲ್ಲ ಪ್ರವಾಸಿಗಳ ಬಾಡಿಗೆ ಕೋಣೆಗಳಾದುವು. ಕೊನೆಗೆ 2019ರಲ್ಲಿ ಪುರಸಭೆಯವರು ಹಡಗು ಕಂಪೆನಿಗಳ ಒಕ್ಕೂಟದೊಡನೆ ಒಪ್ಪಂದ ಮಾಡಿಕೊಂಡರು: ಒಂದು ಹೊತ್ತಿಗೆ ಎರಡೇ ಹಡಗು, ನಾಲ್ಕು ಸಾವಿರಕ್ಕೆ ಮೀರದ ಪ್ರಯಾಣಿಕರು. ವೆನಿಸ್ ನಗರದ ಮುಂದಿನ ಕಾಲುವೆಯಿಂದ 25,000 ಟನ್ನಿಗೆ ಮೀರಿದ ಹಡಗುಗಳನ್ನು 2021ರ ಆಗಸ್ಟಿನಿಂದ ಹೊರಗಿಟ್ಟಿದ್ದಾರೆ. ಊರವರು ಸಾಕಪ್ಪಾ ಸಾಕು ಎಂದ ಬಾಗಿಲಿಗೆ ನಾವು ಹೋಗಿ ನೂಕುವುದು ಸಭ್ಯತೆಯಲ್ಲ.

ಸಣ್ಣ ಹಡಗಿನಲ್ಲಿ ಶೋಷಣೆ ಇಲ್ಲವೆಂದು ನಾವು ಹೇಳುತ್ತಿಲ್ಲ. ಮಾಲೀಕನ ಮನೆಯವರೇ ದುಡಿದರೂ ಹಂಗಾಮಿನ ಕೆಲಸ ಕಠಿಣವೇ. ಆದರೆ ಬಾವುಟ ಕ್ರೊಯೇಶಿಯದ್ದು, ಕಾನೂನು ಅಲ್ಲಿನದು, ತೆರಿಗೆ ಅಲ್ಲಿಗೇ ಹೋಗುತ್ತದೆ. ರೂಢಿಯೇನೆಂದರೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಹಡಗಿನಲ್ಲಿ; ರಾತ್ರಿ ಹಡಗು ಬಂದರಿನಲ್ಲೇ ನಿಲ್ಲುವುದರಿಂದ ಊಟ ಊರಿನಲ್ಲಿ. ಹದಿನಾಲ್ಕು ಜನರ ಏಳು ರಾತ್ರಿಯ ಊಟದ ಹಣ ಏಳು ಊರುಗಳ ಅಡುಗೆಮನೆಗೆ ಹೋಗುತ್ತದೆ. ಈ ಹಡಗುಗಳಲ್ಲಿ ಹಲವು, ಸ್ಪ್ಲಿಟ್‌ನ ದಕ್ಷಿಣಕ್ಕಿರುವ ಕ್ರೀಲೊ ಯೆಸೆನಿತ್ಸೆ ಎಂಬ ಒಂದೇ ಹಳ್ಳಿಯ ಮನೆತನಗಳವು. ಅವರ ಹಿರಿಯರು ಮರದ ಹಡಗುಗಳಲ್ಲಿ ಮರಳು ಸಾಗಿಸಿ ಹೊಟ್ಟೆ ಹೊರೆದವರು. ಮರಳಿನ ಬದಲು ಈಗ ಪ್ರವಾಸಿಗಳನ್ನು ಹೇರುತ್ತಾರೆ. ನಾವು ಮರಳಿಗಿಂತ ಹೆಚ್ಚು ತಕರಾರು ಮಾಡುವವರು ಎಂಬುದು ಬೇರೆ ಮಾತು!

ದಾರಿಯ ವಿಚಾರ. ಸ್ಪ್ಲಿಟ್‌ನಲ್ಲಿ ಹಡಗು ಹತ್ತುವ ಮೊದಲು ಒಂದು ದಿನ ಕೈಯಲ್ಲಿಟ್ಟುಕೊಳ್ಳೋಣ. ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಸುಮಾರು ಕ್ರಿ.ಶ. 305ರಲ್ಲಿ ಪಟ್ಟ ಬಿಟ್ಟು ಬಂದು ಇಲ್ಲಿನ ಅರಮನೆಯಲ್ಲಿ ನೆಲೆಸಿದ. ಅರಮನೆಯ ಗೋಡೆಗಳೊಳಗೆ ಇಂದಿಗೂ ಜನ ಬಾಳುತ್ತಾರೆ. ಬಟ್ಟೆ ಒಣಗುತ್ತದೆ, ಮೀನು ಬೇಯುತ್ತದೆ. ಕ್ರೈಸ್ತರನ್ನು ಕೊಲ್ಲಿಸಿದ ಆ ಅರಸನ ಗೋರಿಯೇ ಮುಂದೆ, ಅವನ ಕಾಲದಲ್ಲಿ ಹತನಾದ ಸಂತ ಡೋಮ್ನಿಯಸ್‌ನ ಇಗರ್ಜಿಯಾಯಿತು. ಮೀನುಪೇಟೆ ಹತ್ತಿರವೇ ಇದೆ. ಪಕ್ಕದಲ್ಲಿ ಗಂಧಕದ ಬುಗ್ಗೆ ಇರುವುದರಿಂದ ಅಲ್ಲಿ ನೊಣ ಕೂರುವುದಿಲ್ಲವೆಂದು ಊರವರ ಹೆಮ್ಮೆ. ನಮ್ಮ ಮೀನು ಮಾರುವ ಅಮ್ಮಂದಿರಿಗೂ ಅಂತಹ ಒಂದು ಬುಗ್ಗೆ ಇದ್ದಿದ್ದರೆ!

ಸಸ್ಯಾಹಾರಿಗಳು ನಮ್ಮಲ್ಲಿ ಐದು ಜನ. ಅವರಿಗೆ ಉಪವಾಸವೇ ಗತಿ ಎಂದು ಹೆದರಿಸಿದವರಿದ್ದಾರೆ. ಹೆದರಬೇಕಾಗಿಲ್ಲ. ಸ್ಪ್ಲಿಟ್ ಬಳಿಯ ಪೊಲ್ಯಿತ್ಸಾ ಸೀಮೆಯಲ್ಲಿ ಸೋಪಾರ್ನಿಕ್ ಎಂಬ ರೊಟ್ಟಿ ಮಾಡುತ್ತಾರೆ: ಎರಡು ತೆಳು ಹಿಟ್ಟಿನ ಪದರಗಳ ನಡುವೆ ಸೊಪ್ಪು, ಈರುಳ್ಳಿ ತುಂಬಿ, ಒಲೆಯ ಕಲ್ಲಿನ ಮೇಲೆ ಕೆಂಡಬೂದಿ ಮುಚ್ಚಿ ಸುಟ್ಟು, ಮೇಲೆ ಆಲಿವ್ ಎಣ್ಣೆ, ಬೆಳ್ಳುಳ್ಳಿ ಸವರುವುದು. ಬಡವರ ಊಟ, ಉಪವಾಸದ ದಿನಗಳ ಊಟ. ಈ ಪೊಲ್ಯಿತ್ಸಾವನ್ನು ಊಟಕ್ಕಾಗಿ ಮಾತ್ರ ನೆನೆಯಬಾರದು. ಅದು ಶತಮಾನಗಳ ಕಾಲ ತನ್ನನ್ನು ತಾನೇ ಆಳಿಕೊಂಡ ಹಳ್ಳಿಗಳ ಒಕ್ಕೂಟ. 1440ರಷ್ಟು ಹಿಂದೆಯೇ ತನ್ನ ಕಟ್ಟಳೆಗಳನ್ನು ಬರೆದಿಟ್ಟುಕೊಂಡಿತ್ತು, ಮುಖಂಡನನ್ನು ಚುನಾಯಿಸುತ್ತಿತ್ತು. ಅದರಲ್ಲಿಯೂ ಕುಲೀನರು, ಸಾಮಾನ್ಯರು ಎಂಬ ಭೇದವಿತ್ತೆಂಬುದು ನಿಜ. 1807ರಲ್ಲಿ ಅದನ್ನು ಮುಗಿಸಿದ್ದು ಸ್ವಾತಂತ್ರ್ಯ, ಸಮಾನತೆ ಎಂದು ಸಾರುತ್ತ ಬಂದ ನೆಪೋಲಿಯನ್ನನ ಸೈನ್ಯ!

ಅಲ್ಲಿಂದ ಹ್ವಾರ್ ದ್ವೀಪ. ಪುಸ್ತಿಕೆಯಲ್ಲಿ ಕುಬೇರರ ವಿಹಾರ ದೋಣಿಗಳ ಚಿತ್ರವಿದೆ. ನಾವು ನೋಡಬೇಕಾದದ್ದು ಸ್ಟಾರಿ ಗ್ರಾದ್ ಬಯಲು. ಕ್ರಿಸ್ತಪೂರ್ವ 384ರಲ್ಲಿ ಗ್ರೀಕರು ಬಂದು ನೆಲೆಸಿ, ಹೊಲಗಳನ್ನು ಅಳೆದು ಕಲ್ಲಿನ ಕಟ್ಟೆ ಹಾಕಿ ಹಂಚಿಕೊಂಡರು. ಆ ಗಡಿಗಳಲ್ಲಿಯೇ ಇಂದಿಗೂ ದ್ರಾಕ್ಷಿ, ಆಲಿವ್ ಬೆಳೆಯುತ್ತಿದೆ. ಇದೇ ದ್ವೀಪದಲ್ಲಿ 1510ರಿಂದ 1514ರವರೆಗೆ ಮಾತಿಯಾ ಇವಾನಿಚ್ ಎಂಬವನ ಮುಂದಾಳ್ತನದಲ್ಲಿ ಜನಸಾಮಾನ್ಯರು ಕುಲೀನರ ವಿರುದ್ಧ ಎದ್ದರು. ವೆನಿಸ್ಸಿನ ಹಡಗುಗಳು ಬಂದು ದಂಗೆಯನ್ನು ಅಡಗಿಸಿ, ಮುಖಂಡರನ್ನು ಕೂವೆಮರಗಳಿಗೆ ನೇಣು ಹಾಕಿದುವು. ನೂರು ವರ್ಷ ಕಳೆಯುವ ಹೊತ್ತಿಗೆ, 1612ರಲ್ಲಿ, ಅದೇ ಊರಿನಲ್ಲಿ ನಾಟಕಶಾಲೆ ಕಟ್ಟಿದರು; ಅಲ್ಲಿ ಕುಲೀನನೂ ಸಾಮಾನ್ಯನೂ ಒಂದೇ ಮಾಡಿನ ಕೆಳಗೆ ಕೂತರು.

ವೀಸ್ ದ್ವೀಪ ಇನ್ನೂ ಹೊರಗೆ, ನಡುಸಮುದ್ರದಲ್ಲಿ. 1944ರಲ್ಲಿ ಟಿಟೋ ತನ್ನ ಗೆರಿಲ್ಲಾ ಸೈನ್ಯದ ಠಾಣೆಯನ್ನು ಇಲ್ಲಿನ ಗುಹೆಗೆ ತಂದ. ನಾಜಿಗಳ ಭಯದಿಂದ ಊರು ಬಿಟ್ಟ ಡಾಲ್ಮೇಶಿಯದ ಸಾವಿರಾರು ಹೆಂಗಸರು, ಮಕ್ಕಳು, ಮುದುಕರು ಈ ದ್ವೀಪದ ಮೂಲಕವೇ ಇಟಲಿಗೂ, ಅಲ್ಲಿಂದ ಈಜಿಪ್ಟಿನ ಎಲ್ ಷಾಟ್ ಮರಳುಗಾಡಿನ ಡೇರೆಗಳಿಗೂ ಹೋಗಿ 1946ರವರೆಗೆ ಕಾಲ ಹಾಕಿದರು. ಯುದ್ಧದ ನಂತರ ದ್ವೀಪ ಸೈನ್ಯದ ವಶದಲ್ಲಿದ್ದು, 1989ರವರೆಗೆ ಪರದೇಶಿಗಳಿಗೆ ಪ್ರವೇಶವಿರಲಿಲ್ಲ. ಹಾಗಾಗಿಯೇ ಹೋಟೆಲುಗಳು ಎದ್ದಿಲ್ಲ. ಮೀನು ತಿನ್ನುವವರು ಕೋಮಿಜಾ ಊರಿನಲ್ಲಿ ಉಪ್ಪು ಹಾಕಿದ ಬೂತಾಯಿಯಂತಹ ಸಣ್ಣ ಮೀನಿನ ರೊಟ್ಟಿಯನ್ನು ಮರೆಯಬೇಡಿ.

ಕೋರ್ಚುಲ ದ್ವೀಪದಲ್ಲಿ ಮಾರ್ಕೊ ಪೋಲೋ ಹುಟ್ಟಿದನೆಂದು ಒಂದು ಮನೆ ತೋರಿಸಿ ಹಣ ತೆಗೆದುಕೊಳ್ಳುತ್ತಾರೆ. ಇದಕ್ಕೆ ಗಟ್ಟಿ ಆಧಾರವಿಲ್ಲ. ಆ ಹಣ ಉಳಿಸಿ. ಅದರ ಬದಲು ಲುಂಬಾರ್ದಾ ಹಳ್ಳಿಗೆ ಹೋಗೋಣ. ಅಲ್ಲಿನ ಗರ್ಕ್ ಎಂಬ ದ್ರಾಕ್ಷಿಬಳ್ಳಿ ಹೆಣ್ಣು ಹೂವನ್ನು ಮಾತ್ರ ಬಿಡುತ್ತದೆ. ಅದು ಕಾಯಿ ಕಟ್ಟಬೇಕಾದರೆ ಪಕ್ಕದಲ್ಲಿ ಪ್ಲಾವಾತ್ಸ್ ಮಾಲಿ ಎಂಬ ಕರಿ ದ್ರಾಕ್ಷಿ ಇರಬೇಕು.

ಈಗ ಆ ಕರಿ ದ್ರಾಕ್ಷಿಯ ಕತೆ. ಅದರ ಮನೆ ಪೆಲ್ಯೆಶಾಟ್ಸ್ ಎಂಬ ಉದ್ದನೆಯ ಮೂಗಿನಂತಹ ಪರ್ಯಾಯದ್ವೀಪ. ಸಮುದ್ರಕ್ಕೆ ಜಾರುವ ಕಡಿದಾದ ಡಿಂಗಾಚ್ ಇಳಿಜಾರಿನಲ್ಲಿ ಕಲ್ಲು ಸರಿಸಿ, ಕಲ್ಲುಕಟ್ಟೆ ಕಟ್ಟಿ ಬಳ್ಳಿ ನೆಟ್ಟಿದ್ದಾರೆ. ನೇಗಿಲು ಹೋಗದು, ಯಂತ್ರ ನಿಲ್ಲದು; ಎಲ್ಲವೂ ಕೈಗೆಲಸ. ಹಳ್ಳಿ ಇರುವುದು ಗುಡ್ಡದ ಆಚೆ. ಹಣ್ಣನ್ನು ಕತ್ತೆಯ ಮೇಲೆ ಹೇರಿ ಗುಡ್ಡ ಹತ್ತಿಸಿ ಇಳಿಸುತ್ತಿದ್ದರು. 1970ರ ದಶಕದಲ್ಲಿ ಪೊತೋಮ್ಯೆ ಹಳ್ಳಿಯವರು ಗುಡ್ಡವನ್ನೇ ಕೊರೆದು 400 ಮೀಟರಿನ ಸುರಂಗ ಮಾಡಿಕೊಂಡರು. ಬಾಟಲಿಯ ಮೇಲಿನ ಕತ್ತೆಯ ಚಿತ್ರ ಆ ಕತ್ತೆಗಳಿಗೆ ಸಂದ ಗೌರವವಿರಬೇಕು. ಹೊತ್ತ ಮನುಷ್ಯರ ಚಿತ್ರವನ್ನು ಯಾರೂ ಹಾಕಿಲ್ಲ.

ಈ ದ್ರಾಕ್ಷಿಯ ರೈತ ಶತಮಾನಗಳ ಕಾಲ ಗೇಣಿದಾರ. ಅಲ್ಲಿನವರು ಅದನ್ನು ಕೊಲೊನಾತ್ ಎನ್ನುತ್ತಿದ್ದರು. ಬಂಜರಿನ ಕಲ್ಲು ಕಿತ್ತು ಬಳ್ಳಿ ನೆಟ್ಟವನು ಒಕ್ಕಲು. ಸುಗ್ಗಿಯಲ್ಲಿ ಪಾಲು ಎತ್ತುವವನು ಪಟ್ಟಣದ ಒಡೆಯ ಅಥವಾ ಮಠ. ಚಾಲಗೇಣಿ ಎಂದರೇನೆಂದು ಬಲ್ಲ ನಮಗೆ, 1974ರ ಕಾನೂನಿನ ನಂತರ ಭೂನ್ಯಾಯಮಂಡಳಿಯ ಮುಂದೆ ಡಿಕ್ಲರೇಶನ್ ಹಿಡಿದು ನಿಂತವರ ಮಕ್ಕಳಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಬಳ್ಳಿಗಳಿಗೆ ಫಿಲಾಕ್ಸೆರಾ ಎಂಬ ಹೇನು ಬಿದ್ದು ತೋಟಗಳು ಒಣಗಿದಾಗ ಡಾಲ್ಮೇಶಿಯದ ವೈನಿಗೆ ಎಲ್ಲಿಲ್ಲದ ಬೆಲೆ ಬಂತು. ಜನ ಸಾಲ ಮಾಡಿ, ಇದ್ದಬದ್ದ ಗುಡ್ಡಕ್ಕೆಲ್ಲ ಬಳ್ಳಿ ಹಬ್ಬಿಸಿದರು. ಆಮೇಲೆ 1890ರ ದಶಕದ ಆರಂಭದಲ್ಲಿ ಆಸ್ಟ್ರಿಯಾ ಚಕ್ರಾಧಿಪತ್ಯ ಇಟಲಿಯೊಡನೆ ವ್ಯಾಪಾರ ಒಪ್ಪಂದ ಮಾಡಿಕೊಂಡು ಇಟಲಿಯ ವೈನಿಗೆ ಸುಂಕ ಇಳಿಸಿತು. ವಿಯೆನ್ನಾದಲ್ಲಿ ಒಂದು ರುಜು ಬಿತ್ತು, ದ್ವೀಪಗಳಲ್ಲಿ ಬೆಲೆ ಬಿತ್ತು. ಅದರ ಬೆನ್ನಿಗೇ ಆ ಹೇನು ಇಲ್ಲಿಗೂ ಬಂತು. ಸಾವಿರಗಟ್ಟಲೆ ಜನ ದಕ್ಷಿಣ ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಗೆ ಹಡಗು ಹತ್ತಿದರು. ನ್ಯೂಜಿಲೆಂಡಿನ ವೈನ್ ಉದ್ಯಮಕ್ಕೆ ಬುನಾದಿ ಹಾಕಿದವರಲ್ಲಿ ಹಲವರು ಹೀಗೆ ಹೋದ ಡಾಲ್ಮೇಶಿಯದವರೇ. ಅಡಿಕೆಯ ಆಮದು ಸುಂಕಕ್ಕೆ ಪ್ರತಿ ವರ್ಷ ಕಿವಿಗೊಟ್ಟು ಕೂರುವ ನಮ್ಮ ರೈತರಿಗೆ ಈ ಕತೆ ಪರಕೀಯವೆ?

ಇನ್ನೊಂದು ಸ್ವಾರಸ್ಯ. ಕ್ಯಾಲಿಫೋರ್ನಿಯಾದವರು ತಮ್ಮದೆಂದು ಮೆರೆಸುತ್ತಿದ್ದ ಜಿನ್‌ಫಾಂಡೆಲ್ ದ್ರಾಕ್ಷಿ, ಸ್ಪ್ಲಿಟ್ ಪಕ್ಕದ ಕಾಷ್ಟೆಲಾದ ಹಳೆಯ ತೋಟದಲ್ಲಿ ಉಳಿದಿದ್ದ ನಾಲ್ಕಾರು ಬಳ್ಳಿಗಳ ಜಾತಿಯದೇ ಎಂದು 2001ರಲ್ಲಿ ವಿಜ್ಞಾನಿಗಳು ಬೀಜಗುಣ ಪರೀಕ್ಷೆಯಿಂದ ಖಚಿತಪಡಿಸಿದರು. ನಮ್ಮ ಪ್ಲಾವಾತ್ಸ್ ಮಾಲಿ ಅದರ ಮಗು.

ಪೆಲ್ಯೆಶಾಟ್ಸಿನ ಬುಡದಲ್ಲಿ ಸ್ಟೋನ್ ಊರು. ದುಬ್ರೋವ್ನಿಕ್ ಗಣರಾಜ್ಯ 1333ರಲ್ಲಿ ಈ ನೆಲ ಪಡೆದು, ಸುತ್ತ ಕಟ್ಟಿಸಿದ ಗೋಡೆಯಲ್ಲಿ ಇನ್ನೂ ಐದು ಕಿಲೋಮೀಟರಿಗೂ ಹೆಚ್ಚು ನಿಂತಿದೆ. ಚಿನ್ನ ಕಾಯುವುದಕ್ಕಲ್ಲ, ಉಪ್ಪಿನ ಆಗರ ಕಾಯುವುದಕ್ಕೆ. ಆ ಆಗರದಲ್ಲಿ ಇಂದಿಗೂ ಉಪ್ಪು ತೆಗೆಯುತ್ತಾರೆ. ಪಕ್ಕದ ಮಾಲಿ ಸ್ಟೋನಿನಲ್ಲಿ ಚಿಪ್ಪುಮೀನಿನ ಸಾಕಣೆ. ನಿಂಬೆರಸ ಹಿಂಡಿ ಹಸಿಯಾಗಿಯೇ ನುಂಗುತ್ತಾರೆ. ಮಳಿ ತಿಂದು ಬೆಳೆದ ನಮ್ಮವರೂ ಒಂದು ಕ್ಷಣ ಯೋಚಿಸಬೇಕಾದೀತು.

ದುಬ್ರೋವ್ನಿಕ್‌ಗೆ ದಿನಕ್ಕೊಂದು ಗಂಟೆ ಸಾಲದು. ಅದಕ್ಕೇ ಮೂರು ದಿನ ಕೇಳುತ್ತಿದ್ದೇವೆ. ಈ ಪುಟ್ಟ ಗಣರಾಜ್ಯ 1377ರಲ್ಲಿಯೇ ಪ್ಲೇಗಿನ ಊರುಗಳಿಂದ ಬಂದವರನ್ನು ಮೂವತ್ತು ದಿನ ಹೊರಗಿಡುವ ಕಟ್ಟಳೆ ಮಾಡಿತು. 1416ರಲ್ಲಿ ತನ್ನ ಜನ ಗುಲಾಮರ ವ್ಯಾಪಾರ ಮಾಡಕೂಡದೆಂದು ವಿಧಿಸಿತು. ಆಳುವ ಅಧಿಕಾರ ಕುಲೀನರ ಮನೆತನಗಳಲ್ಲೇ ಇದ್ದರೂ, ಮುಖ್ಯಸ್ಥನಿಗೆ ಒಂದು ತಿಂಗಳಿಗೆ ಮೀರಿ ಕುರ್ಚಿ ಕೊಡುತ್ತಿರಲಿಲ್ಲ. ನಮ್ಮ ಜಿಲ್ಲೆಯ ಕೆಲವು ಸಹಕಾರಿ ಸಂಘಗಳ ಅಧ್ಯಕ್ಷರು ಇದನ್ನು ಗಮನಿಸಬೇಕು. 1991ರ ಡಿಸೆಂಬರ್ 6ರಂದು ಈ ಊರಿನ ಮೇಲೆ ಷೆಲ್ಲುಗಳ ಮಳೆಯೇ ಸುರಿಯಿತು. ಕೋಟೆಯ ಗೋಡೆಯ ಮೇಲೆ ನಡೆಯುವಾಗ ಕೆಳಗೆ ನೋಡಿ. ಹೊಸ ಕೆಂಪು ಹಂಚು ಎಲ್ಲಿದೆಯೋ ಅಲ್ಲಿ ಷೆಲ್ಲು ಬಿದ್ದಿತ್ತೆಂದು ತಿಳಿಯಬಹುದು. ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಹಡಗುಗಳು ಹೋದ ಮೇಲೆ ಬೀದಿ ಸುತ್ತೋಣ. ನಡುಹಗಲು ಸ್ಟೋನ್, ಪೊತೋಮ್ಯೆಗಳಿಗೆ ಬಸ್ಸಿನಲ್ಲಿ ಹೋಗೋಣ. ಅಲ್ಲಿ ನಮಗೆ ಊಟ ತಂದಿಡುವವನು ನೇಪಾಳದವನೋ ನಮ್ಮ ದೇಶದವನೋ ಆಗಿರುವುದು ಸಂಭವ. ಅಲ್ಲಿನ ಯುವಕರು ಜರ್ಮನಿ, ಐರ್ಲೆಂಡಿಗೆ ಹೋಗಿದ್ದಾರೆ, ಆ ಜಾಗಕ್ಕೆ ನಮ್ಮವರು ಬಂದಿದ್ದಾರೆ. ಅವನ ಊರು ಕೇಳಿ, ಮಾತಾಡಿಸಿ.

ಕೆಲವು ವ್ಯವಹಾರದ ಮಾತುಗಳು. ಕ್ರೊಯೇಶಿಯ 2023ರ ಜನವರಿ 1ರಿಂದ ಷೆಂಗೆನ್ ಕೂಟದಲ್ಲಿದೆ, ನಾಣ್ಯ ಯೂರೋ. ಆದ್ದರಿಂದ ಷೆಂಗೆನ್ ವೀಸಾ ಬೇಕು. ಪುಸ್ತಿಕೆಯ ಹಡಗು ಹೋಗುವ ಕೋಟೋರ್ ಇರುವುದು ಮಾಂಟೆನೀಗ್ರೊದಲ್ಲಿ, ಅದು ಕೂಟದ ಹೊರಗೆ. ಅಲ್ಲಿಗೆ ಹೋಗಿ ಬರುವುದಾದರೆ ಹಲವು ಪ್ರವೇಶದ ವೀಸಾ ಇರತಕ್ಕದ್ದು. ದುಬ್ರೋವ್ನಿಕ್‌ನಿಂದ ಸ್ಪ್ಲಿಟ್‌ಗೆ ಮರಳುವ ಬಸ್ಸು ಮೊದಲು ಬೋಸ್ನಿಯಾದ ನೇವುಮ್ ತುಂಡು ದಾಟಬೇಕಾಗಿತ್ತು. 2022ರ ಜುಲೈಯಲ್ಲಿ ಪೆಲ್ಯೆಶಾಟ್ಸ್ ಸೇತುವೆ ತೆರೆದ ಮೇಲೆ ಆ ತೊಡಕಿಲ್ಲ. ಸೇತುವೆಯ ಮೇಲೆ ಹೋಗುವ ಬಸ್ಸೇ ಎಂದು ಟಿಕೆಟು ಕೊಳ್ಳುವಾಗ ಕೇಳಿಕೊಳ್ಳೋಣ. ಸಣ್ಣ ಹಡಗಿನಲ್ಲಿ ಜಾಗ ಸಿಗದಿದ್ದರೆ 1947ರಿಂದ ಓಡುತ್ತಿರುವ ಸರಕಾರಿ ಯಾದ್ರೋಲಿನಿಯಾ ಸಂಸ್ಥೆಯ ಫೆರಿಗಳಿವೆ. ದ್ವೀಪದ ಶಾಲಾಮಾಸ್ತರ, ತರಕಾರಿಯ ಬುಟ್ಟಿ, ಆಸ್ಪತ್ರೆಗೆ ಹೊರಟ ಅಜ್ಜಿ ಎಲ್ಲರೂ ಅದರಲ್ಲೇ. ಸ್ಪ್ಲಿಟ್‌ನಿಂದ ಸ್ಟಾರಿ ಗ್ರಾದ್‌ಗೆ ಸುಮಾರು ಎರಡು ಗಂಟೆ. ಹಣದ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಅಗ್ಗ. ಪೆಟ್ಟಿಗೆ ಮಾತ್ರ ನಾವೇ ಹೊರಬೇಕು.

ಮೇ ತಿಂಗಳನ್ನು ಆರಿಸಿದ್ದು ಬಿಸಿಲೂ ಜನಜಂಗುಳಿಯೂ ಕಡಿಮೆ ಎಂದು. ಆದರೆ ಯೂಗೊ ಎಂಬ ತೆಂಕಣ ಗಾಳಿ ಬೀಸಿದರೆ ಸಮುದ್ರ ಕೆದರುತ್ತದೆ, ಒಂದು ದಿನ ಬಂದರಿನಲ್ಲೇ ಕೂರಬೇಕಾದೀತು. ಆ ಗಾಳಿ ಬೀಸುವಾಗ ಹಳೆಯ ದುಬ್ರೋವ್ನಿಕ್‌ನ ಸಭೆ ಮುಖ್ಯ ತೀರ್ಮಾನಗಳನ್ನು ಮುಂದೂಡುತ್ತಿತ್ತೆಂದು ಅಲ್ಲಿನವರು ಹೇಳುತ್ತಾರೆ.

ನಮ್ಮ ಸಭೆ ಮುಂದೂಡುವಂತಿಲ್ಲ. ವೀಸಾಕ್ಕೆ ದಿನ ಬೇಕು. ಭಾನುವಾರ ಬರುವಾಗ ಎಲ್ಲರೂ ಪಾಸ್‌ಪೋರ್ಟ್ ತನ್ನಿ, ಅವಧಿ ಎಂದಿನವರೆಗಿದೆಯೆಂದು ಮನೆಯಲ್ಲೇ ನೋಡಿಕೊಂಡು ಬನ್ನಿ. ಏಣಿ ಹತ್ತಲಾಗದವರು ಸಂಕೋಚವಿಲ್ಲದೆ ಮುಂಚಿತವಾಗಿ ತಿಳಿಸಿದರೆ, ಅವರಿಗೆ ಮೇಲಿನ ಅಂತಸ್ತಿನ ಕೋಣೆ ಕೇಳೋಣ, ಇಲ್ಲವೇ ಎಲ್ಲರೂ ಫೆರಿಯಲ್ಲೇ ಹೋಗೋಣ. ಚಿಪ್ಪುಮೀನಿಗೆ ಎಷ್ಟು ಜನ, ಸೋಪಾರ್ನಿಕ್‌ಗೆ ಎಷ್ಟು ಜನ ಎಂಬ ಪಟ್ಟಿಯನ್ನು ಕಾರ್ಯದರ್ಶಿಯವರು ಬರೆದುಕೊಳ್ಳುತ್ತಾರೆ.